ಸರ್ಪಸುತ್ತಿನ ಮೊದಲ ಮೂರು ದಿನ ಓಝೋನ್ ಬಾಟ್ಲಿಗೆ ಹೋಗದಿರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆ ಆಯುಕ್ತರಿಗೆ, ಹಾಗೇ ಮನೇಲಿ ಅರವತ್ತು ದಾಟಿದ ಅಪ್ಪ ಅಮ್ಮ ಅಜ್ಜಿ ತಾತ ಇರೋ ಎಲ್ಲರಿಗೂ,

ನಮಸ್ಕಾರ. ನಾನು ತಿಪಟೂರು ಕಡೆ ಹಳ್ಳಿಯವಳು, ಕೆಲಸ ಬೆಂಗಳೂರಲ್ಲಿ. ನಮ್ಮಮ್ಮಂಗೆ 72 ವರ್ಷ. ಹೋದ ಕಾರ್ತೀಕದಲ್ಲಿ ಅವರಿಗೆ ಸರ್ಪಸುತ್ತು ಆಯ್ತು. ಗುಳ್ಳೆ ಎಲ್ಲಾ ಒಣಗಿ ಉದುರಿ ತಿಂಗಳುಗಟ್ಟಲೆ ಆಯ್ತು, ನೋವು ಮಾತ್ರ ಇನ್ನೂ ಹೋಗಿಲ್ಲ. ಅಮ್ಮ ಈಗ ರವಿಕೆ ಹಾಕಲ್ಲ. ಅಪ್ಪನ ಹಳೇ ಬನಿಯನ್‌ನ ಒಳಗಡೆ ಹೊರಗೆ ಮಾಡಿ ಹಾಕ್ಕೋತಾರೆ, ಯಾಕಂದ್ರೆ ಹೊಲಿಗೆ ಚರ್ಮಕ್ಕೆ ತಾಗಿದ್ರೆ ಕೆಂಡ ಇಟ್ಟಂಗೆ ಆಗುತ್ತಂತೆ. ಸೆರಗನ್ನ ಎಡಗೈಲಿ ಮೈಯಿಂದ ಸ್ವಲ್ಪ ದೂರ ಎತ್ತಿ ಹಿಡ್ಕೊಂಡೇ ಇರ್ತಾರೆ, ಮಾತಾಡುವಾಗ, ಅಕ್ಕಿ ಆರಿಸುವಾಗ, ಟಿವಿ ನೋಡುವಾಗ, ಆ ಕೈ ಹಾಗೇ ಇರುತ್ತೆ. ಫ್ಯಾನ್ ಗಾಳಿ ಬಲಗಡೆ ಪಕ್ಕೆಗೆ ಬಿದ್ರೆ ಎದ್ದು ಬೇರೆ ಕಡೆ ಕೂತ್ಕೋತಾರೆ. ತಂಗಿ ಮಗಳ ಮದುವೆಗೂ ಬರ್ಲಿಲ್ಲ, ರೇಷ್ಮೆ ಸೀರೆ ಮೈಮೇಲೆ ಹಾಕ್ಕೊಳೋಕೆ ಆಗ್ಲಿಲ್ಲ ಅಂತ.

ಈ ಪತ್ರ ಬರೀತಿರೋದು ಅಮ್ಮಂಗೆ ಆದ ಕಾಯಿಲೆ ಬಗ್ಗೆ ಮಾತ್ರ ಆಗಿದ್ರೆ ನಿಮ್ಮ ಟೈಮ್ ತಗೋತಿರ್ಲಿಲ್ಲ. ವಯಸ್ಸಾದವರ ಸರ್ಪಸುತ್ತಿಗೆ ಓಝೋನ್ ಥೆರಪಿ, ಅಂದ್ರೆ ಮೈಯಿಂದ ರಕ್ತ ಬಾಟ್ಲಿಗೆ ತೆಗೆದು ಓಝೋನ್ ಅನ್ನೋ ಗ್ಯಾಸ್ ಸೇರಿಸಿ ವಾಪಸ್ ಮೈಗೆ ಹಾಕೋದು, ಅಂತ ಊರೂರಲ್ಲಿ ಬೋರ್ಡ್ ಬರ್ತಾ ಇದೆ, ವಾಟ್ಸಾಪಲ್ಲಿ ವಿಡಿಯೋ ಓಡಾಡ್ತಾ ಇದೆ, ಅದರಲ್ಲಿ "ಹೆಚ್ಚುವರಿ ಚಿಕಿತ್ಸೆ", "ಔಷಧದ ಜೊತೆಗೆ" ಅಂತ ಬರ್ದಿರ್ತಾರೆ. ಆ "ಜೊತೆಗೆ" ಅನ್ನೋ ಮಾತು ಸೆಂಟರ್ ಬಾಗಿಲು ದಾಟಿ ಒಳಗೆ ಹೋಗ್ತಿದ್ದ ಹಾಗೆ "ಬದಲಿಗೆ" ಆಗಿಬಿಡುತ್ತೆ, ನಮ್ಮನೇಲಿ ಹಾಗೇ ಆಗಿದ್ದು, ಅದನ್ನ ನಿಮ್ಮ ಗಮನಕ್ಕೆ ತರ್ಬೇಕು ಅಂತ ಬರೀತಿದ್ದೀನಿ.

ನಡೆದಿದ್ದು ಹೀಗೆ. ಒಂದು ಭಾನುವಾರದಿಂದ ಅಮ್ಮಂಗೆ ಬಲಗಡೆ ಎದೆ ಕೆಳಗಿಂದ ಬೆನ್ನಿನ ತನಕ ಉರಿ. ಗ್ಯಾಸ್ ಇರ್ಬೇಕು ಅಂತ ಓಂಕಾಳಿನ ನೀರು ಕುಡಿದ್ರು. ಬುಧವಾರ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಸಾಸಿವೆಕಾಳಿನಷ್ಟು ಗುಳ್ಳೆ, ಗುಂಪು ಗುಂಪಾಗಿ, ಬೆಲ್ಟ್ ಕಟ್ಟಿದ ಹಾಗೆ ಒಂದೇ ಕಡೆ. ಪಕ್ಕದ ಮನೆ ದೊಡ್ಡಮ್ಮ ನೋಡಿದ ತಕ್ಷಣ ಇದು ಸರ್ಪಸುತ್ತು ಅಂದ್ರು, ಅದು ಸರಿಯಾಗೇ ಹೇಳಿದ್ರು. ಆಮೇಲೆ ಶುರುವಾಯ್ತು, ತಲೆ ಬಾಲ ಕೂಡಿದ್ರೆ ಜೀವ ಉಳಿಯಲ್ಲ, ಯಾವ್ದೋ ಹುತ್ತ ತುಳಿದಿರ್ಬೇಕು, ನಾಗಪ್ಪಂಗೆ ತನಿ ಎರೀಬೇಕು ಅಂತ. ಗುರುವಾರ ಪಕ್ಕದೂರಿಗೆ ಹೋಗಿ ಕೆಮ್ಮಣ್ಣು ಹಚ್ಚಿಸ್ಕೊಂಡು ಮಂತ್ರ ಹಾಕಿಸ್ಕೊಂಡು ಬಂದ್ರು. ನಂಗೆ ಫೋನ್ ಬಂದಿದ್ದು ಗುರುವಾರ ರಾತ್ರಿ. ಮಂತ್ರ ಗಿಂತ್ರ ಬೇಡ, ಸೈನ್ಸ್ ಪ್ರಕಾರ ಟ್ರೀಟ್ಮೆಂಟ್ ಕೊಡಿಸೋಣ ಅಂತ ನಾನೇ ಹೇಳಿದ್ದು. ಚಿಕ್ಕಪ್ಪನ ಮಗ ಒಂದು ವಿಡಿಯೋ ಕಳ್ಸಿದ, ಬಿಳಿ ಕೋಟು ಹಾಕಿರೋರು, ಮೆಷಿನ್ನು, ಜರ್ಮನ್ ಟೆಕ್ನಾಲಜಿ, ವಯಸ್ಸಾದವರಿಗೆ ಸೈಡ್ ಎಫೆಕ್ಟ್ ಇಲ್ಲ ಅಂತ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅಮ್ಮ ಆ ಸೆಂಟರ್ ಬೆಂಚ್ ಮೇಲೆ ಕೂತಿದ್ರು, ನಾನು ಬೆಂಗಳೂರಿಂದ ನೇರ ಅಲ್ಲಿಗೇ ಹೋದೆ.

ಈಗ ಲೆಕ್ಕ ಹಾಕ್ತೀನಿ. ಬುಧವಾರ ಬೆಳಿಗ್ಗೆ ಆರು ಗಂಟೆಯಿಂದ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ 54 ಗಂಟೆ. ಇನ್ನೂ 18 ಗಂಟೆ ಕೈಯಲ್ಲಿತ್ತು.

ಯಾವ 18 ಗಂಟೆ ಅಂದ್ರೆ, ಸರ್ಪಸುತ್ತು ಅನ್ನೋದು ಹಾವಿನ ಶಾಪ ಅಲ್ವಲ್ಲ, ಚಿಕ್ಕ ವಯಸ್ಸಲ್ಲಿ ಆಗೋ ಸೀತಾಳೆ ಸಿಡುಬು, ನಮ್ಮ ಕಡೆ "ಅಮ್ಮ ಆಗಿದೆ" ಅಂತೀವಲ್ಲ, ಅದೇ ವೈರಸ್ಸು, ವೆರಿಸೆಲ್ಲಾ ಜೋಸ್ಟರ್ ಅಂತ ಹೆಸ್ರು. ಸಿಡುಬು ವಾಸಿಯಾದ್ಮೇಲೂ ಅದು ಮೈಯಿಂದ ಹೋಗಲ್ಲ, ಬೆನ್ನುಹುರಿ ಪಕ್ಕದಲ್ಲಿರೋ ನರದ ಗಂಟಲ್ಲಿ ಸುಮ್ನೆ ಮಲಗಿರುತ್ತೆ, ನಲವತ್ತು ಐವತ್ತು ವರ್ಷ ಬೇಕಾದ್ರೂ. ವಯಸ್ಸಾಗಿ ಮೈಯಲ್ಲಿ ಶಕ್ತಿ ಕಮ್ಮಿ ಆದಾಗ ಎದ್ದು, ಆ ಒಂದು ನರ ಹಿಡ್ಕೊಂಡು ಚರ್ಮಕ್ಕೆ ಬರುತ್ತೆ. ನರ ಬೆನ್ನಿಂದ ಶುರುವಾಗಿ ಎದೆ ನಡುವೆ ನಿಲ್ಲುತ್ತೆ, ಅದಕ್ಕೇ ಗುಳ್ಳೆನೂ ಮೈಯ ಅರ್ಧಕ್ಕೇ ನಿಲ್ಲುತ್ತೆ. ತಲೆ ಬಾಲ ಕೂಡೋ ಮಾತು ನಮ್ಮ ಅಜ್ಜಿಯರ ಭಯ, ಅಷ್ಟೆ. ಇದಕ್ಕೆ ವೈರಸ್ ತಡೆಯೋ ಮಾತ್ರೆ ಇದೆ. ಅಸೈಕ್ಲೋವಿರ್ 800 ಎಂಜಿ ದಿನಕ್ಕೆ ಐದು ಸಲ, ಇಲ್ಲಾಂದ್ರೆ ವ್ಯಾಲಾಸೈಕ್ಲೋವಿರ್ ಒಂದು ಗ್ರಾಂ ದಿನಕ್ಕೆ ಮೂರು ಸಲ, ಏಳು ದಿನ. ಯಾವ ಊರಿನ ಮೆಡಿಕಲ್ ಸ್ಟೋರಲ್ಲೂ ಕೇಳಿದ್ರೆ ತರಿಸಿ ಕೊಡ್ತಾರೆ. ಆದ್ರೆ ಗುಳ್ಳೆ ಕಾಣಿಸ್ಕೊಂಡ 72 ಗಂಟೆ ಒಳಗೆ ಶುರು ಮಾಡಿದ್ರೆ ಅದರ ಪ್ರಯೋಜನ ಚೆನ್ನಾಗಿ ಸಿಗುತ್ತೆ, ಗುಳ್ಳೆ ಬೇಗ ಒಣಗುತ್ತೆ, ಆ ವಾರಗಳ ನೋವು ಕಮ್ಮಿ ಆಗುತ್ತೆ. ನಾನು ಹೇಳ್ತಿರೋ 18 ಗಂಟೆ ಅದು.

ಸೆಂಟರಲ್ಲಿ ಆ ಮಾತ್ರೆ ಹೆಸ್ರು ಬಂತು. ನಾನೇ ಕೇಳ್ದೆ, ಮಾತ್ರೆ ಏನಾದ್ರೂ ಕೊಡ್ತೀರಾ ಅಂತ. ಅದಕ್ಕೆ ಅಲ್ಲಿದ್ದೋರು ಹೇಳಿದ್ದು, "ಮೇಡಂ, ಈ ವಯಸ್ಸಲ್ಲಿ ಅದನ್ನೆಲ್ಲಾ ಕೊಟ್ರೆ ಕಿಡ್ನಿ ಹೊಡೆಯುತ್ತೆ, ಓಝೋನ್ ವೈರಸ್ಸನ್ನೇ ಸುಟ್ಟು ಹಾಕುತ್ತೆ, ನರಕ್ಕೆ ಜೀವ ಕೊಡುತ್ತೆ, ಹತ್ತು ಸಿಟ್ಟಿಂಗ್ ಮಾಡಿಸಿ." ಇದರಲ್ಲಿ ಒಂದೇ ಒಂದು ಎಳೆ ನಿಜ ಇದೆ, ಕಿಡ್ನಿ ವೀಕ್ ಇರೋರಿಗೆ ಈ ಮಾತ್ರೆ ಡೋಸ್ ಕಮ್ಮಿ ಮಾಡ್ಬೇಕು, ನೀರು ಚೆನ್ನಾಗಿ ಕುಡೀಬೇಕು. ಅದಕ್ಕೆ ಒಂದು ಕ್ರಿಯಾಟಿನಿನ್ ಟೆಸ್ಟ್ ಸಾಕು, ಆ ಟೆಸ್ಟ್ ಅವರು ಮಾಡಿಸ್ಲಿಲ್ಲ. ಅಮ್ಮನ ಕ್ರಿಯಾಟಿನಿನ್ ನಾರ್ಮಲ್ ಇತ್ತು ಅಂತ ನಮಗೆ ಗೊತ್ತಾಗಿದ್ದು ಎರಡು ವಾರ ಆದ್ಮೇಲೆ.

ಪ್ಯಾಕೇಜ್ 25 ಸಾವಿರ. ಅರ್ಧ ಮುಂಗಡ. ನಾನೇ ಯುಪಿಐ ಮಾಡ್ದೆ.

ಆ ರೂಮಲ್ಲಿ ನಡೆದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಂಬಿಕೆ ಹುಟ್ಟೋದು ಅಲ್ಲೇ. ಒಂದು ಆಕ್ಸಿಜನ್ ಸಿಲಿಂಡರ್, ಅದರಿಂದ ಒಂದು ಪೈಪ್ ಸ್ಟೆಬಿಲೈಜರ್ ಥರದ ಡಬ್ಬಕ್ಕೆ. ಅಮ್ಮನ ಕೈಯಿಂದ ಸುಮಾರು ನೂರು ಎಂಎಲ್ ರಕ್ತ ಒಂದು ಗಾಜಿನ ಬಾಟ್ಲಿಗೆ ಇಳಿಸಿದ್ರು, ನೇರಳೆಹಣ್ಣಿನ ರಸದ ಥರ ಕಪ್ಪು ಕೆಂಪು. ಡಬ್ಬದಿಂದ ಗ್ಯಾಸ್ ಆ ಬಾಟ್ಲಿಗೆ ಬಿಟ್ಟು ನರ್ಸ್ ಹುಡುಗಿ ಮೆಲ್ಲಗೆ ಅಲ್ಲಾಡಿಸಿದ್ಲು, ನೋಡ್ತಾ ನೋಡ್ತಾ ರಕ್ತ ಕುಂಕುಮದ ಬಣ್ಣಕ್ಕೆ ತಿರುಗ್ತು. ಅಮ್ಮ ಅದನ್ನೇ ದಿಟ್ಟಿಸ್ತಿದ್ರು, "ನೋಡೇ, ಕೆಟ್ಟ ರಕ್ತ ಒಳ್ಳೇದಾಯ್ತು" ಅಂದ್ರು. ಆಮೇಲೆ ಆ ಬಾಟ್ಲಿ ಗ್ಲೂಕೋಸ್ ಥರ ತಲೆಕೆಳಗು ಮಾಡಿ ಅದೇ ರಕ್ತ ವಾಪಸ್ ಕೈಗೆ. ರೂಮ್ ತುಂಬಾ ಜೆರಾಕ್ಸ್ ಅಂಗಡಿ ವಾಸನೆ, ಸಿಡಿಲು ಹೊಡೆದ್ಮೇಲೆ ಬರುತ್ತಲ್ಲ ಆ ಥರದ್ದು. ಕಿಟಕಿ ಮುಚ್ಚಿತ್ತು. ಅಮ್ಮಂಗೆ ಕೆಮ್ಮು ಬಂತು. ಓಝೋನ್ ಉಸಿರಾಟಕ್ಕೆ ಹೋಗ್ಬಾರದು, ಶ್ವಾಸಕೋಶಕ್ಕೆ ವಿಷ ಅದು, ಇದನ್ನ ಓಝೋನ್ ಚಿಕಿತ್ಸೆ ಮಾಡೋರೇ ಒಪ್ಕೋತಾರೆ.

ಆ ಬಣ್ಣದ ಬಗ್ಗೆ ಒಂದು ಮಾತು. ಮೆಡಿಕಲ್ ಓಝೋನ್ ಅಂದ್ರೆ ಪೂರ್ತಿ ಓಝೋನ್ ಅಲ್ಲ, ಆಕ್ಸಿಜನ್ ಒಳಗೆ ಹೆಚ್ಚಂದ್ರೆ ನೂರಕ್ಕೆ ಐದು ಭಾಗ ಓಝೋನ್, ಮಿಕ್ಕಿದ್ದೆಲ್ಲ ಆಕ್ಸಿಜನ್. ಕೈಯ ರಕ್ತನಾಳದಿಂದ ತೆಗೆದ ರಕ್ತಕ್ಕೆ ಬರೀ ಆಕ್ಸಿಜನ್ ಸೇರಿಸಿ ಅಲ್ಲಾಡಿಸಿದ್ರೂ ಅದು ಹಾಗೇ ಕೆಂಪಾಗುತ್ತೆ. ನಮ್ಮ ಶ್ವಾಸಕೋಶ ಪ್ರತಿ ಉಸಿರಿಗೂ ಅದೇ ಕೆಲಸ ಮಾಡ್ತಿದೆ. ಅಮ್ಮ ಕಣ್ಣಾರೆ ಕಂಡ ಆ ಒಳ್ಳೇ ರಕ್ತಕ್ಕೂ ಸರ್ಪಸುತ್ತಿಗೂ ಸಂಬಂಧ ಇರ್ಲಿಲ್ಲ. ಇದನ್ನ ನಂಗೆ ವಿವರಿಸಿದ್ದು ಆಮೇಲೆ ಸಿಕ್ಕಿದ ಒಬ್ಬ ಡಾಕ್ಟ್ರು, ಅಷ್ಟೊತ್ತಿಗೆ ಐದು ಬಾಟ್ಲಿ ಆಗಿತ್ತು.

ಐದನೇ ಸಿಟ್ಟಿಂಗ್ ಹೊತ್ತಿಗೆ ಗುಳ್ಳೆಲಿ ಕೀವು, ರಾತ್ರಿ ಇಡೀ ನಿದ್ದೆ ಇಲ್ಲ, ಅಪ್ಪ ಹೆದರಿಕೊಂಡು ಅತ್ತೇಬಿಟ್ರು. ಗುಳ್ಳೆ ಬಂದು ಒಂಬತ್ತನೇ ದಿನ ಚರ್ಮದ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ವಿ. ಅವರು ಬೈಲಿಲ್ಲ, ಅದೇ ನಂಗೆ ಜಾಸ್ತಿ ಸಂಕಟ ಆಯ್ತು. ಹೊಸ ಗುಳ್ಳೆ ಬರ್ತಿಲ್ಲ, ಇನ್ನು ವೈರಸ್ ಮಾತ್ರೆಯಿಂದ ಅಂಥ ಉಪಯೋಗ ಇಲ್ಲ, ಮೊದಲ ಮೂರು ದಿನದಲ್ಲಿ ಬಂದಿದ್ರೆ ಚೆನ್ನಾಗಿತ್ತು ಅಂದ್ರು ಅಷ್ಟೆ. ಮೂರು ತಿಂಗಳು ದಾಟಿದ್ಮೇಲೂ ನೋವು ಉಳಿದ್ರೆ ಅದಕ್ಕೆ ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಅಂತಾರೆ, ವಯಸ್ಸು ಹೆಚ್ಚಾದಷ್ಟೂ ಅದು ಉಳಿಯೋ ಸಾಧ್ಯತೆ ಹೆಚ್ಚು. ಅಮ್ಮಂಗೆ ಉಳೀತು. ಗ್ಯಾಬಪೆಂಟಿನ್ ಅನ್ನೋ ನರದ ನೋವಿನ ಮಾತ್ರೆ ಶುರು ಮಾಡಿದ್ರು, ಮೊದಲ ವಾರ ತೂಕಡಿಕೆ, ಒಂದಿನ ಬಚ್ಚಲಲ್ಲಿ ಜಾರಿ ಬಿದ್ರು, ಪುಣ್ಯಕ್ಕೆ ಮೂಳೆ ಮುರೀಲಿಲ್ಲ. ಈಗ ಡೋಸ್ ನಿಧಾನಕ್ಕೆ ಹೊಂದಿಸಿದ್ದಾರೆ, ಜೊತೆಗೆ ರಾತ್ರಿ ಸಣ್ಣ ಡೋಸ್ ನಾರ್‌ಟ್ರಿಪ್ಟಿಲಿನ್, ತುಂಬಾ ಉರಿ ಇದ್ದ ದಿನ ಲಿಡೋಕೇನ್ ಪ್ಯಾಚ್.

ನಾನು ಒಂದು ವಿಷಯ ಪ್ರಾಮಾಣಿಕವಾಗಿ ಹೇಳ್ಬೇಕು, ಇಲ್ಲಾಂದ್ರೆ ನಾನೂ ಆ ವಿಡಿಯೋದೋರ ಥರಾನೇ ಮಾತಾಡಿದ ಹಾಗೆ ಆಗುತ್ತೆ. ಶುಕ್ರವಾರವೇ ಮಾತ್ರೆ ಶುರು ಮಾಡಿದ್ರೆ ಈ ಉಳಿದ ನೋವು ಬರ್ತಾನೇ ಇರ್ಲಿಲ್ಲ ಅಂತ ಯಾವ ಡಾಕ್ಟ್ರೂ ಗ್ಯಾರಂಟಿ ಕೊಡಲ್ಲ. ಸರಿಯಾದ ಟೈಮಿಗೆ ಮಾತ್ರೆ ತಗೊಂಡೋರಿಗೂ ಕೆಲವರಿಗೆ ನೋವು ಉಳಿಯುತ್ತೆ. ಆದ್ರೆ ಅಮ್ಮಂಗೆ ಆ ಅವಕಾಶ ಕೂಡ ಸಿಗ್ಲಿಲ್ಲ, ಕೈಯಲ್ಲಿದ್ದ ಹೊತ್ತನ್ನ ಹೆದರ್ಸಿ ಕಿತ್ಕೊಂಡ್ರು. ನನ್ನ ಸಂಕಟ ಅದು.

ಓಝೋನ್ ಬಗ್ಗೆ ನಾನು ಎಷ್ಟು ಓದಬಹುದೋ ಅಷ್ಟು ಓದ್ದೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಒಬ್ಬ ನೋವಿನ ತಜ್ಞರ ಹತ್ರ ಒಂದು ಗಂಟೆ ಕೂತು ಕೇಳ್ದೆ. ಅವರು ಓಝೋನ್ ಅಂದ ತಕ್ಷಣ ಮುಖ ತಿರುಗಿಸೋರಲ್ಲ. ಓಝೋನ್ ರಕ್ತಕ್ಕೆ ಸೇರಿದ ಕೂಡ್ಲೇ ಕರಗಿ ಬೇರೆ ರಾಸಾಯನಿಕಗಳಾಗಿ ಬದಲಾಗುತ್ತೆ, ಪೆರಾಕ್ಸೈಡ್, ಕೊಬ್ಬಿನ ಅಂಶ ಆಕ್ಸಿಡೈಸ್ ಆದ ವಸ್ತುಗಳು, ಅವು ಮೈಗೆ ಒಂದು ಸಣ್ಣ ಪೆಟ್ಟು ಕೊಟ್ಟು ಮೈಯದ್ದೇ ರಕ್ಷಣಾ ವ್ಯವಸ್ಥೆನ ಎಬ್ಬಿಸ್ತವೆ ಅನ್ನೋದು ಇದನ್ನ ನಂಬೋರ ವಾದ, ಪೂರ್ತಿ ತಲೆಬುಡ ಇಲ್ಲದ ವಾದ ಅಲ್ಲ ಅಂದ್ರು. ಚೀನಾದ ಆಸ್ಪತ್ರೆಗಳಲ್ಲಿ ಸರ್ಪಸುತ್ತಿನ ನೋವಿಗೆ ಇದನ್ನ ಪ್ರಯತ್ನ ಪಟ್ಟಿದ್ದಾರೆ, ರಕ್ತ ತೆಗೆದು ಸೇರಿಸೋ ಈ ಕ್ರಮ ಒಂದು, ಬೆನ್ನಿನ ನರದ ಗಂಟಿನ ಹತ್ರ ಸೂಜಿಯಿಂದ ಗ್ಯಾಸ್ ಬಿಡೋದು ಇನ್ನೊಂದು, ನೋವಿನ ಅಂಕ ಕಮ್ಮಿ ಆಯ್ತು ಅಂತ ವರದಿಗಳಿವೆ. ಆದ್ರೆ ಅಲ್ಲಿ ರೋಗಿಗಳಿಗೆ ವೈರಸ್ ಮಾತ್ರೆ, ನರದ ಮಾತ್ರೆ ಎಲ್ಲಾ ಕೊಟ್ಟು ಅದರ ಮೇಲೆ ಓಝೋನ್ ಕೊಟ್ಟಿದ್ದು. "ಜೊತೆಗೆ" ಅಂದ್ರೆ ನಿಜವಾಗ್ಲೂ ಜೊತೆಗೆ. ಹೆಚ್ಚಿನವು ಸಣ್ಣ ಅಧ್ಯಯನಗಳು, ಎಷ್ಟೋ ಕಡೆ ತನಗೆ ಓಝೋನ್ ಕೊಡ್ತಿದ್ದಾರೆ ಅಂತ ರೋಗಿಗೆ ಗೊತ್ತಿತ್ತು. ನೋವು ಅನ್ನೋದು ರೋಗಿ ಬಾಯಲ್ಲಿ ಹೇಳೋ ಮಾತು, ಕಣ್ಣೆದುರು ರಕ್ತ ಕುಂಕುಮ ಆಗೋದನ್ನ ನೋಡಿದ ನಮ್ಮಮ್ಮ ಮೊದಲ ದಿನ ಸಂಜೆ "ಸ್ವಲ್ಪ ಹಗುರ ಆಗಿದೆ ಕಣೇ" ಅಂದಿದ್ರು, ಸುಳ್ಳು ಹೇಳಿದ್ದಲ್ಲ, ಅವರಿಗೆ ಹಾಗೇ ಅನ್ಸಿತ್ತು, ರಾತ್ರಿ ಎರಡು ಗಂಟೆಗೆ ಮತ್ತೆ ಕೂಗಿಕೊಂಡ್ರು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಲ್ಲಿ ಓಝೋನ್ ಬಗ್ಗೆ ಒಂದು ಸಾಲಿದೆ, ಅದು ವಿಷಕಾರಿ ಅನಿಲ, ನಿರ್ದಿಷ್ಟ ಚಿಕಿತ್ಸೆಯಾಗಿ ಆಗಲಿ, ಪೂರಕ ಚಿಕಿತ್ಸೆಯಾಗಿ ಆಗಲಿ, ರೋಗ ತಡೆಯೋಕಾಗಲಿ ಅದರಿಂದ ಗೊತ್ತಿರೋ ವೈದ್ಯಕೀಯ ಉಪಯೋಗ ಇಲ್ಲ ಅಂತ. ಪೂರಕ ಅನ್ನೋ ಪದ ಅಲ್ಲೇ ಇದೆ ನೋಡಿ. ಇನ್ನೊಂದು ಕಡೆ ಓಝೋನ್ ಚಿಕಿತ್ಸೆ ಮಾಡೋರೇ 2010ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಸೇರಿ ಒಂದು ಘೋಷಣೆ ಮಾಡ್ಕೊಂಡಿದ್ದಾರೆ, ಯಾವ ಕಾಯಿಲೆಗೆ ಎಷ್ಟು ಪ್ರಮಾಣ, ಯಾರಿಗೆ ಕೊಡಬಾರದು ಅಂತ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರಿಗೆ ಕೊಡಬಾರದು ಅಂತ ಅದರಲ್ಲಿದೆ, ಯಾಕಂದ್ರೆ ಅಂಥವರಿಗೆ ಕೆಂಪು ರಕ್ತಕಣಗಳು ಒಡೆದುಹೋಗೋ ಅಪಾಯ. ಅಮ್ಮಂಗೆ ಆ ಟೆಸ್ಟ್ ಮಾಡಿಸ್ಲಿಲ್ಲ. ಅಮ್ಮ ಹಾರ್ಟ್‌ಗೆ ಅಂತ ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ, ಬಾಟ್ಲಿಲಿ ರಕ್ತ ಹೆಪ್ಪುಗಟ್ಟದ ಹಾಗೆ ಬೇರೆ ಔಷಧ ಹಾಕ್ತಾರಲ್ಲ, ಯಾವ ಮಾತ್ರೆ ತಗೋತೀರಿ ಅಂತ ಒಂದು ಮಾತು ಕೇಳ್ಬೇಕು ತಾನೆ, ಕೇಳ್ಲಿಲ್ಲ. ಅದೇ ಬೆಂಚಲ್ಲಿ ಒಬ್ಬ ಬಸುರಿ ಹೆಂಗಸು ತಮ್ಮ ಮಾವನ್ನ ಕರ್ಕೊಂಡು ಬಂದು ಅಮ್ಮನ ಪಕ್ಕ ಕೂತಿದ್ರು. ಗುಳ್ಳೆ ನೀರು ತಾಗಿದ್ರೆ ಸೀತಾಳೆ ಸಿಡುಬು ಆಗದೇ ಇರೋರಿಗೆ ಅದು ಬರಬಹುದು, ಬಸುರಿಯರಿಗೆ ಅದು ಅಪಾಯ, ಯಾರೂ ದೂರ ಕೂರಿಸ್ಲಿಲ್ಲ, ನಂಗೂ ಆಗ ಗೊತ್ತಿರ್ಲಿಲ್ಲ. ಆ ಹೆಂಗಸು ಈಗ ಹೇಗಿದ್ದಾರೋ ಅಂತ ಎಷ್ಟೋ ರಾತ್ರಿ ಯೋಚನೆ ಬರುತ್ತೆ.

ಸಚಿವರೇ, ಆ ಸೆಂಟರ್ ಹೆಸ್ರು ಇಲ್ಲಿ ಹಾಕ್ತಿಲ್ಲ, ದೂರು ಬೇರೆ ಕೊಟ್ಟಿದ್ದೀನಿ, ಅದು ಅದರ ದಾರಿಲಿ ಹೋಗ್ಲಿ. ನಾನು ಕೇಳ್ತಿರೋದು ಇಡೀ ರಾಜ್ಯಕ್ಕೆ ಆಗೋ ಕೆಲಸ.

ನಮ್ಮಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ, ಕೆಪಿಎಂಇ ಅಂತ ಎಲ್ಲರಿಗೂ ಗೊತ್ತಿರೋದು, 2017ರಲ್ಲಿ ತಿದ್ದುಪಡಿನೂ ಆಯ್ತು. ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸೋ ಹಾಗಿಲ್ಲ, ದರಪಟ್ಟಿ ಕಾಣೋ ಹಾಗೆ ಹಾಕ್ಬೇಕು, ದೂರು ಕೇಳೋಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಇಷ್ಟೆಲ್ಲಾ ಇರುವಾಗ ಹೊಸ ಕಾನೂನು ಬೇಕು ಅಂತ ನಾನು ಕೇಳ್ತಿಲ್ಲ. ಆ ಪ್ರಾಧಿಕಾರಗಳಿಗೆ ಒಂದು ಸುತ್ತೋಲೆ ಕಳ್ಸಿ. ಓಝೋನ್ ಚಿಕಿತ್ಸೆ ಕೊಡೋ ಎಲ್ಲಾ ಜಾಗಗಳ ಪಟ್ಟಿ ಮಾಡ್ಸಿ, ಅಲ್ಲಿ ರಕ್ತ ತೆಗೀತಿರೋರು ಯಾರು, ಅವರ ಓದು ಏನು, ಒಬ್ಬರಿಗೆ ಹಾಕಿದ ಬಾಟ್ಲಿ ಟ್ಯೂಬು ಇನ್ನೊಬ್ಬರಿಗೆ ಹೋಗ್ತಿದ್ಯಾ ಅಂತ ನೋಡ್ಸಿ, ರಕ್ತದ ಕೆಲಸದಲ್ಲಿ ಸ್ವಲ್ಪ ಎಡವಟ್ಟಾದ್ರೂ ಹೆಪಟೈಟಿಸ್ ಹರಡುತ್ತೆ. ಸರ್ಪಸುತ್ತು ಅಂತ ಯಾರೇ ಬಂದ್ರೂ ಮೊದಲು ಗುಳ್ಳೆ ಬಂದು ಎಷ್ಟು ಗಂಟೆ ಆಯ್ತು ಅಂತ ಕೇಳಿ ಬರ್ಕೊಂಡು, ವೈರಸ್ ಮಾತ್ರೆ ಶುರು ಆಗಿದ್ಯಾ ಅಂತ ನೋಡಿ, ಆಗಿಲ್ಲಾಂದ್ರೆ ಅದೇ ಹೊತ್ತಲ್ಲಿ ಡಾಕ್ಟ್ರ ಹತ್ರ ಕಳಿಸ್ಬೇಕು, ಅದಕ್ಕೆ ಮುಂಚೆ ಓಝೋನ್‌ಗೆ ದುಡ್ಡು ತಗೋಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರ್ಲಿ. ನಮ್ಮಮ್ಮನ ಹತ್ರ ಹೆಬ್ಬೆಟ್ಟು ಹಾಕಿಸ್ಕೊಂಡ ಕಾಗದ ಇಂಗ್ಲಿಷಲ್ಲಿತ್ತು, ಅಮ್ಮ ಕನ್ನಡ ಚೆನ್ನಾಗೇ ಓದ್ತಾರೆ, ಸೈನ್ ಮಾಡೋಕೂ ಬರುತ್ತೆ, ಕೈಯಲ್ಲಿ ಸೂಜಿ ಇತ್ತು ಅಂತ ಹೆಬ್ಬೆಟ್ಟು. ಆ ಕಾಗದದಲ್ಲಿ ಸರಳವಾಗಿ ನಾಲ್ಕು ಸಾಲು ಇರ್ಲಿ, ಇದು ಮಾತ್ರೆಗೆ ಬದಲಿ ಅಲ್ಲ, ಇದರಿಂದ ಗುಣ ಆಗುತ್ತೆ ಅಂತ ಇನ್ನೂ ಸಾಬೀತಾಗಿಲ್ಲ, ಇಂತಿಂಥೋರಿಗೆ ಅಪಾಯ ಇದೆ, ಬೇಡ ಅಂದ್ರೆ ಮುಂಗಡ ವಾಪಸ್ ಸಿಗುತ್ತೆ ಅಂತ. ಔಷಧದ ಬಗ್ಗೆ ತಪ್ಪು ದಾರಿಗೆ ಎಳೆಯೋ ಜಾಹೀರಾತು ಕೊಡಬಾರದು ಅಂತ 1954ರ ಕಾಯ್ದೆನೇ ಹೇಳುತ್ತೆ, ವೈರಸ್ ಸುಡುತ್ತೆ ಅನ್ನೋ ವಿಡಿಯೋಗಳನ್ನ ಆ ಕಣ್ಣಲ್ಲಿ ಒಂದ್ಸಲ ನೋಡ್ಸಿ.

ಮತ್ತೆ ಓಝೋನ್‌ನಿಂದ ನಿಜವಾಗ್ಲೂ ವಯಸ್ಸಾದವರ ನೋವು ಕಮ್ಮಿ ಆಗೋದಾದ್ರೆ ನನಗಿಂತ ಸಂತೋಷ ಪಡೋರು ಯಾರೂ ಇಲ್ಲ, ನಮ್ಮಮ್ಮನ್ನೇ ಮೊದಲು ಕರ್ಕೊಂಡು ಬರ್ತೀನಿ. ಹಾಗಾಗಿ ಅದನ್ನ ಪರೀಕ್ಷೆ ಮಾಡ್ಸಿ. ಸರ್ಕಾರಿ ಮೆಡಿಕಲ್ ಕಾಲೇಜುಗಳ ನೋವಿನ ವಿಭಾಗದಲ್ಲಿ, ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡು, ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಹೆಸ್ರು ಬರೆಸಿ, 2009ರಿಂದ ಅದು ಕಡ್ಡಾಯ ಅಲ್ವಾ. ಎಲ್ಲರಿಗೂ ಮಾತ್ರೆ ಟೈಮಿಗೆ ಸರಿಯಾಗಿ ಕೊಡಿ, ಆಮೇಲೆ ಅರ್ಧ ಜನಕ್ಕೆ ಓಝೋನ್ ಸೇರಿಸಿದ ಬಾಟ್ಲಿ, ಇನ್ನರ್ಧ ಜನಕ್ಕೆ ಬರೀ ಆಕ್ಸಿಜನ್ ಬಾಟ್ಲಿ. ಎರಡರಲ್ಲೂ ರಕ್ತ ಕುಂಕುಮದ ಬಣ್ಣಕ್ಕೇ ತಿರುಗುತ್ತೆ, ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಾಗಲ್ಲ, ನೋವು ಕೇಳಿ ಬರ್ಕೊಳೋರಿಗೂ ಗೊತ್ತಾಗಲ್ಲ. ಆರು ತಿಂಗಳಾದ್ಮೇಲೆ ಯಾರಿಗೆ ರವಿಕೆ ಹಾಕ್ಕೊಳೋಕೆ ಆಗ್ತಿದೆ ಅಂತ ಕೇಳಿ. ರೋಗಿಗಳ ಹತ್ರ ಒಂದು ಪೈಸೆ ತಗೋಬೇಡಿ. ಗೊತ್ತಿಲ್ಲದ್ದನ್ನ ಕಂಡುಹಿಡಿಯೋ ಖರ್ಚನ್ನ 72 ವರ್ಷದ ಹೆಂಗಸು ಕೊಬ್ಬರಿ ಮಾರಿದ ದುಡ್ಡಲ್ಲಿ ಕಟ್ಟೋದು ನ್ಯಾಯ ಅಲ್ಲ.

ಇನ್ನೊಂದು ಲಸಿಕೆ ವಿಷಯ. ಸರ್ಪಸುತ್ತು ಬರದ ಹಾಗೆ ತಡೆಯೋ ಲಸಿಕೆ ಇದೆ ಅಂತ ನಮ್ಮೂರಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ, ನಂಗೂ ಸೇರಿಸಿ. ಶಿಂಗ್ರಿಕ್ಸ್ ಅಂತ, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ತು, ನಮ್ಮ ದೇಶಕ್ಕೆ 2023ರಲ್ಲಿ ಬಂತು. ಐವತ್ತು ದಾಟಿದೋರಿಗೆ ಎರಡು ಡೋಸ್, ಎರಡರಿಂದ ಆರು ತಿಂಗಳ ಅಂತರದಲ್ಲಿ. ದೊಡ್ಡ ಪರೀಕ್ಷೆಗಳಲ್ಲಿ ಐವತ್ತು ದಾಟಿದೋರಲ್ಲಿ ಶೇಕಡ 97ರಷ್ಟು, ಎಪ್ಪತ್ತು ದಾಟಿದೋರಲ್ಲೂ ಸುಮಾರು ಶೇಕಡ 90ರಷ್ಟು ರಕ್ಷಣೆ ಕಂಡುಬಂತು. ಆಸ್ಟ್ರೇಲಿಯಾದಲ್ಲಿ 2023ರ ನವೆಂಬರಿಂದ 65 ದಾಟಿದೋರಿಗೆ ಫ್ರೀ. ನಮ್ಮಲ್ಲಿ ಸರ್ಕಾರಿ ಲಸಿಕೆ ಪಟ್ಟಿಲಿ ಇಲ್ಲ, ಎರಡು ಡೋಸಿಗೆ ಸಾವಿರಾರು ರೂಪಾಯಿ, ಪೆನ್ಷನ್ ಇಲ್ಲದ ಹಳ್ಳಿ ಮುದುಕರ ಕೈಗೆ ಎಟುಕಲ್ಲ. ಎಲ್ಲರಿಗೂ ನಾಳೆನೇ ಕೊಡಿ ಅಂತ ಕೇಳೋಷ್ಟು ತಿಳಿಯದವಳಲ್ಲ ನಾನು, ಬಜೆಟ್ ಕಷ್ಟ ಗೊತ್ತು. ಕ್ಯಾನ್ಸರ್ ಔಷಧ ತಗೋತಿರೋರು, ಕಿಡ್ನಿ ಕಸಿ ಆದೋರು, ಇಂಥ ದುರ್ಬಲ ಹಿರಿಯರಿಂದಾದ್ರೂ ಶುರು ಮಾಡಿ, ಕಂಪನಿ ಜೊತೆ ಕೂತು ಬೆಲೆ ಮಾತಾಡಿ. ನಾವು ಉಳಿದ ಅರ್ಧ ಪ್ಯಾಕೇಜ್ ದುಡ್ಡನ್ನ ಎತ್ತಿಟ್ಟು ಅಪ್ಪಂಗೆ ಹಾಕಿಸಿದ್ವಿ, ಅವರಿಗೆ 76.

ಕೊನೆಗೆ ಎಲ್ಲಕ್ಕಿಂತ ಕಮ್ಮಿ ಖರ್ಚಿನ ಕೆಲಸ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರ್ತಾರೆ, ಗೃಹ ಆರೋಗ್ಯ ಯೋಜನೆಲಿ ಬಿಪಿ ಶುಗರ್ ನೋಡೋಕೆ ಮನೆ ಬಾಗಿಲಿಗೇ ಬರೋ ವ್ಯವಸ್ಥೆ ಮಾಡಿದ್ದೀರಿ, 104 ಆರೋಗ್ಯ ಸಹಾಯವಾಣಿ ಇದೆ. ಇವರೆಲ್ಲರ ಬಾಯಲ್ಲಿ ಒಂದು ಮಾತು ಬರ್ಲಿ: ಮೈಯ ಒಂದೇ ಕಡೆ ಉರಿ, ಅದರ ಮೇಲೆ ಗುಂಪು ಗುಳ್ಳೆ ಬಂದ್ರೆ ಮೂರು ದಿನದೊಳಗೆ ಡಾಕ್ಟ್ರ ಹತ್ರ ಹೋಗಿ, ಹಣೆ ಕಣ್ಣು ಮೂಗಿನ ತುದಿಲಿ ಬಂದ್ರೆ ಅವತ್ತೇ ಹೋಗಿ, ಕಣ್ಣು ಹೋಗಬಹುದು. ಹರ್ಪಿಸ್ ಜೋಸ್ಟರ್ ಅಂತ ಪೋಸ್ಟರ್ ಅಂಟಿಸಿದ್ರೆ ಯಾರಿಗೂ ತಿಳಿಯಲ್ಲ, ಸರ್ಪಸುತ್ತು ಅಂತಲೇ ಹಾಕಿ, ಸರ್ಪಹುಣ್ಣು ಅನ್ನೋ ಕಡೆ ಹಾಗೇ ಹಾಕಿ. ಕೆಮ್ಮಣ್ಣು ಹಚ್ಚೋರನ್ನೂ ಬೈಬೇಡಿ, ಅವರನ್ನೇ ಕರೆದು ಕೂರ್ಸಿ ಹೇಳಿ. ನಮ್ಮ ಊರಿನ ಕಡೆ ಸರ್ಪಸುತ್ತು ಬಂದೋರು ಮೊದಲು ಹೋಗೋದು ಅವರ ಮನೆಗೇ, ಆವತ್ತು ಆ ಅಜ್ಜ ಅಮ್ಮಂಗೆ ಕೆಮ್ಮಣ್ಣು ಹಚ್ಚಿ "ತಾಯಿ, ಆಸ್ಪತ್ರೆಗೂ ಒಂದ್ಸಲ ತೋರ್ಸಮ್ಮ" ಅಂದಿದ್ರಂತೆ, ಹತ್ತು ರೂಪಾಯಿನೂ ತಗೊಂಡಿರ್ಲಿಲ್ಲ.

ಪತ್ರ ಬರ್ದಾದ್ಮೇಲೆ ನಿನ್ನೆ ರಾತ್ರಿ ಅಮ್ಮಂಗೆ ಪೂರ್ತಿ ಓದಿ ಹೇಳ್ದೆ. ಸೆರಗು ಎತ್ತಿ ಹಿಡ್ಕೊಂಡೇ ಕೇಳಿಸ್ಕೊಂಡ್ರು. ನರ್ಸ್ ಹುಡುಗಿ ಬಗ್ಗೆ ಕೆಟ್ಟದಾಗಿ ಬರೀಬೇಡ, ಪಾಪ ಸೂಜಿ ಚುಚ್ಚೋ ಮುಂಚೆ ನನ್ನ ಕೈ ಉಜ್ಜಿ ಬಿಸಿ ಮಾಡ್ತಿದ್ಲು ಅಂದ್ರು. ಬರ್ದಿಲ್ಲಮ್ಮ ಅಂದೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆ ಮೂರು ದಿನದ ಮಾತು ಕೊನೇಲಿ ಇದೆಯಲ್ಲೇ, ಅಷ್ಟು ಉದ್ದ ಯಾರು ಓದ್ತಾರೆ, ಅದನ್ನ ಮೇಲಕ್ಕೆ ಹಾಕು" ಅಂದ್ರು. ಅದಕ್ಕೇ ತಲೆಬರಹದಲ್ಲೇ ಹಾಕಿದ್ದೀನಿ.

ಉತ್ತರ ಕಾಯ್ತಿರ್ತೀನಿ.

ಇಂತಿ,
ತಿಪಟೂರು ಕಡೆಯ ಒಬ್ಬ ಮಗಳು